ಬ್ಯಾಗು ಹಂಚಿದ್ದು ಸಾಕು, ಲೆಕ್ಕ ಕಲಿಸೋರ ಬಗ್ಗೆ ಸ್ವಲ್ಪ ಮಾತಾಡೋಣ

ಜೂನ್ ಬಂತು ಅಂದ್ರೆ ಫೇಸ್‌ಬುಕ್ ತುಂಬಾ ಒಂದೇ ಥರದ ಫೋಟೋ. ಸರ್ಕಾರಿ ಶಾಲೆ ಜಗಲಿ, ಹಿಂದೆ ಫ್ಲೆಕ್ಸು, ಮುಂದೆ ಸಾಲಾಗಿ ನಿಲ್ಲಿಸಿರೋ ಮಕ್ಕಳು, ಕೈಯಲ್ಲಿ ಹೊಸ ಬ್ಯಾಗು, ಮಧ್ಯದಲ್ಲಿ ಶಾಲು ಹೊದ್ದ ದಾನಿಗಳು. ಕೊಡಬೇಡಿ ಅಂತ ಹೇಳ್ತಿಲ್ಲಪ್ಪ, ಕೊಡ್ಲಿ, ನೋಟ್‌ಬುಕ್ ರೇಟು ಈಗ ಕಮ್ಮಿ ಇಲ್ಲ. ಆದ್ರೆ ಆ ಫ್ಲೆಕ್ಸಲ್ಲಿ ದೊಡ್ಡದಾಗಿ "ಶಿಕ್ಷಣದಿಂದ ಬಡತನ ನಿರ್ಮೂಲನೆ" ಅಂತ ಬರೆಸಿರ್ತಾರಲ್ಲ, ಅದನ್ನ ಓದಿದಾಗೆಲ್ಲ ಕೇಳ್ಬೇಕು ಅನ್ಸತ್ತೆ, ಹೇಗೆ ಸ್ವಾಮಿ? ಬ್ಯಾಗಿಂದ ಶುರುವಾಗಿ ಬಡತನ ಹೋಗೋವರೆಗೂ ಮಧ್ಯೆ ಏನೇನು ಆಗ್ಬೇಕು? ಅದನ್ನ ಯಾರೂ ಹೇಳಲ್ಲ. ಓದಿದ್ರೆ ಕೆಲಸ ಸಿಗತ್ತೆ, ಕೆಲಸ ಸಿಕ್ರೆ ದುಡ್ಡು ಬರತ್ತೆ, ಮುಗೀತು.

ನಾನು ಹಳ್ಳಿ ಸಹಕಾರ ಸೊಸೈಟೀಲಿ ಕೌಂಟರ್ ಹಿಂದೆ ಕೂರೋನು. ದಿನಾ ನೋಡೋದು ಬೇರೇನೇ. ಕೆಲಸ ಸಿಗದೆ ಬಡವರಾಗಿರೋರು ಇದ್ದಾರೆ, ಸರಿ, ಆದ್ರೆ ದುಡಿದದ್ದನ್ನ ಲೆಕ್ಕ ಗೊತ್ತಿಲ್ಲದೆ ಕಳ್ಕೊಳ್ಳೋರು ಅದಕ್ಕಿಂತ ಕಮ್ಮಿ ಏನಿಲ್ಲ. ಅದಕ್ಕೇ ಸರ್ಕಾರಿ ಶಾಲೇಲಿ ಗಣಿತ ಗಟ್ಟಿ ಮಾಡೋಕೆ ಹೊರಟ ಅಕ್ಷರ ಫೌಂಡೇಶನ್ ಅನ್ನೋ ಸಂಸ್ಥೆ ಬಗ್ಗೆ ಬರೀತಿದೀನಿ.

ಉದಾಹರಣೆ ಕೊಡ್ತೀನಿ. ಐವತ್ತು ಸಾವಿರ ಸಾಲ, ಎರಡು ವರ್ಷ, 12 ಪರ್ಸೆಂಟ್ ಫ್ಲಾಟ್ ಅಂತ ಒಬ್ಬ ಬಂದು ಹೇಳ್ತಾನೆ ಅನ್ಕೊಳ್ಳಿ. ವರ್ಷಕ್ಕೆ ಆರು ಸಾವಿರದ ಹಾಗೆ ಬಡ್ಡಿ ಹನ್ನೆರಡು ಸಾವಿರ, ಒಟ್ಟು 62 ಸಾವಿರ, ತಿಂಗಳಿಗೆ 2,583 ರೂಪಾಯಿಯ 24 ಕಂತು. ಕೇಳೋಕೆ ನ್ಯಾಯವಾಗೇ ಇದೆ. ಆದ್ರೆ ಮೊದಲನೇ ಕಂತು ಕಟ್ಟಿದ ದಿನದಿಂದ್ಲೇ ಅಸಲು ಕರಗ್ತಾ ಹೋಗತ್ತೆ, ಬಡ್ಡಿ ಮಾತ್ರ ಕೊನೇವರೆಗೂ ಪೂರ್ತಿ ಐವತ್ತು ಸಾವಿರದ ಮೇಲೇ ಬೀಳ್ತಿರತ್ತೆ, ಇಪ್ಪತ್ಮೂರನೇ ತಿಂಗಳಲ್ಲಿ ನಿಮ್ಮ ಹತ್ರ ಅವರ ದುಡ್ಡು ಐದು ಸಾವಿರ ಕೂಡ ಉಳಿದಿರಲ್ಲ, ಆದ್ರೂ ಐವತ್ತಕ್ಕೆ ಬಡ್ಡಿ ಕಟ್ತಿರ್ತೀರಿ. ಕೂತು ಲೆಕ್ಕ ಹಾಕಿದ್ರೆ ಅದು ಸುಮಾರು 21.6 ಪರ್ಸೆಂಟಿನ ಸಾಲ. ಇದರಲ್ಲಿ ಮೋಸ ಏನೂ ಇಲ್ಲ, ಕಾಗದದಲ್ಲಿ ಎಲ್ಲಾ ಬರೆದೇ ಇರತ್ತೆ. ಓದೋರಿಲ್ಲ ಅಷ್ಟೇ.

ಇನ್ನೊಂದು, ನಮ್ಮ ಸೊಸೈಟೀದೇ. ಬೆಳೆಸಾಲಕ್ಕೆ ಸೊನ್ನೆ ಬಡ್ಡಿ, ಆದ್ರೆ ಗಡುವಿನೊಳಗೆ ಕಟ್ಟಿದ್ರೆ ಮಾತ್ರ. ಕೈಯಲ್ಲಿ ದುಡ್ಡಿರಲ್ಲ, ಹಾಗಾಗಿ ಒಂದು ವಾರದ ಮಟ್ಟಿಗೆ ಯಾರ ಹತ್ರಾನೋ ಲಕ್ಷ ರೂಪಾಯಿ ಕೈಸಾಲ ತಂದು ಕಟ್ಟಿ, ಹೊಸ ಸಾಲ ಎತ್ತಿ ಅವನಿಗೆ ವಾಪಸ್ ಕೊಡ್ತಾರೆ. ಆ ಒಂದು ವಾರಕ್ಕೆ ಅವನು ಎರಡು ಸಾವಿರ ಹಿಡ್ಕೋತಾನೆ. ವರ್ಷದ ಲೆಕ್ಕದಲ್ಲಿ ನೋಡಿದ್ರೆ ನೂರಕ್ಕೆ 104! ಕೆಲವು ಸಲ ಅದೂ ಲಾಭಾನೇ, ಯಾಕಂದ್ರೆ ಗಡುವು ತಪ್ಪಿದ್ರೆ ಬೀಳೋ ಬಡ್ಡಿ ಮೊತ್ತ ಆ ಎರಡು ಸಾವಿರಕ್ಕಿಂತ ಜಾಸ್ತಿ. ಕೆಲವು ಸಲ ಶುದ್ಧ ನಷ್ಟ. ಯಾವಾಗ ಯಾವುದು ಅಂತ ಪೆನ್ನು ಹಿಡಿದೋರಿಗೆ ಮಾತ್ರ ಗೊತ್ತು, ಉಳಿದೋರು ಪಕ್ಕದ ಮನೆಯವರು ಮಾಡಿದ ಹಾಗೇ ಮಾಡ್ತಾರೆ.

2025ರ ಶುರುವಲ್ಲಿ ಮೈಕ್ರೋಫೈನಾನ್ಸ್ ಗಲಾಟೆ ನೆನಪಿದ್ಯಲ್ಲ. ಚಾಮರಾಜನಗರ, ಮೈಸೂರು ಕಡೆ ಮನೆಗೆ ಬೀಗ ಹಾಕಿ ಊರು ಬಿಟ್ಟೋರ ಸುದ್ದಿ, ಆತ್ಮಹತ್ಯೆ ಸುದ್ದಿ. ಫೆಬ್ರವರೀಲಿ ಸರ್ಕಾರ ಸುಗ್ರೀವಾಜ್ಞೆ ತಂತು, ವಸೂಲಿಗೆ ಕಿರುಕುಳ ಕೊಟ್ರೆ ಹತ್ತು ವರ್ಷದವರೆಗೆ ಜೈಲು ಅಂತ. ಬೇಕಿತ್ತು, ತಂದಿದ್ದು ಒಳ್ಳೇದೇ ಆಯ್ತು. ಆದ್ರೆ ಕಾನೂನು ಕೆಲಸ ಮಾಡೋದು ಸಾಲ ಕುತ್ತಿಗೆಗೆ ಬಂದಮೇಲೆ. ನಾಲ್ಕು ಸಂಘದಲ್ಲಿ ನಾಲ್ಕು ಸಾಲ ತಗೊಂಡ್ರೆ ವಾರಕ್ಕೆ ಎಷ್ಟು ಕಟ್ಬೇಕು, ಮನೆಗೆ ಬರೋದೆಷ್ಟು ಅಂತ ಕೂಡಿ ಕಳೆಯೋದು ಸಹಿ ಹಾಕೋಕೆ ಮುಂಚೆ ಆಗ್ಬೇಕಾದ ಕೆಲಸ.

ಇಷ್ಟೆಲ್ಲಾ ಯಾಕೆ ಹೇಳ್ತಿದೀನಿ ಅಂದ್ರೆ, ನನ್ನ ಪ್ರಕಾರ ನಮ್ಮ ರಾಜ್ಯದಲ್ಲಿ ಶಿಕ್ಷಣದ ಕೆಲಸ ಮಾಡೋ ಸಂಸ್ಥೆಗಳಲ್ಲಿ ಸರಿಯಾದ ಜಾಗಕ್ಕೆ ಕೈ ಹಾಕಿರೋದು ಅಕ್ಷರ ಫೌಂಡೇಶನ್. ಹೆಸರು ಅಕ್ಷರ, ಹೆಚ್ಚು ಹೆಸರಾಗಿರೋದು ಲೆಕ್ಕಕ್ಕೆ. 2000ದಲ್ಲಿ ಬೆಂಗಳೂರಲ್ಲಿ ಶುರುವಾಗಿದ್ದು, ರೋಹಿಣಿ ನಿಲೇಕಣಿ ಅವರು ಸ್ಥಾಪಕ ಅಧ್ಯಕ್ಷರಾಗಿದ್ರು, ಆಮೇಲೆ ಅಶೋಕ್ ಕಾಮತ್ ಮುನ್ನಡೆಸ್ಕೊಂಡು ಬಂದ್ರು. ಮೊದಲು ಶಾಲೆ ಬಿಟ್ಟ ಮಕ್ಕಳನ್ನ ಶಾಲೆಗೆ ತರೋದು, ಓದಿಸೋದು ಅಂತಿದ್ದೋರು ಆಮೇಲೆ "ಗಣಿತ ಕಲಿಕಾ ಆಂದೋಲನ" ಅಂತ ಶುರು ಮಾಡಿದ್ರು. ನಾಲ್ಕು, ಐದನೇ ಕ್ಲಾಸಿಗೆ. ಶಿಕ್ಷಣ ಇಲಾಖೆ ಜೊತೆ ಸೇರಿ ಹೈದರಾಬಾದ್ ಕರ್ನಾಟಕದ (ಈಗ ಕಲ್ಯಾಣ ಕರ್ನಾಟಕ) ಜಿಲ್ಲೆಗಳಲ್ಲಿ ದೊಡ್ಡದಾಗಿ ಮಾಡಿ ಆಮೇಲೆ ಉಳಿದ ಕಡೆಗೂ ಹಬ್ಬಿಸಿದ್ರು. ತಮ್ಮದೇ ಶಾಲೆ ಕಟ್ಟಲಿಲ್ಲ, ಇರೋ ಸರ್ಕಾರಿ ಶಾಲೆಗೇ ಹೋದ್ರು, ಅಲ್ಲಿರೋ ಟೀಚರಿಗೇ ಟ್ರೈನಿಂಗ್ ಕೊಟ್ರು. ಇದು ನನಗೆ ತುಂಬಾ ಮುಖ್ಯ ಅನ್ಸತ್ತೆ, ಚೆಂದದ ಒಂದು ಮಾಡೆಲ್ ಶಾಲೆ ಕಟ್ಟಿ ಇನ್ನೂರು ಮಕ್ಕಳನ್ನ ಮೇಲೆತ್ತಿ ವಿಡಿಯೋ ಮಾಡ್ಸೋದು ಸುಲಭ, ಬಿಇಒ (ತಾಲ್ಲೂಕಿನ ಶಿಕ್ಷಣಾಧಿಕಾರಿ) ಆಫೀಸಿಗೆ ಅಲೆದು, ಸಿಆರ್‌ಪಿಗಳನ್ನ (ಅಕ್ಕಪಕ್ಕದ ಶಾಲೆಗಳನ್ನ ನೋಡ್ಕೊಳ್ಳೋ ಸಂಪನ್ಮೂಲ ವ್ಯಕ್ತಿಗಳು) ಒಪ್ಪಿಸಿ, ಎಲ್ಲಾ ಶಾಲೆಗೂ ಹೋಗೋದು ಬೋರಿಂಗ್ ಕೆಲಸ, ಫೋಟೋನೂ ಚೆನ್ನಾಗಿ ಬರಲ್ಲ.

ಗಣಿತ ಕಿಟ್ ಅಂತ ಒಂದು ಪೆಟ್ಟಿಗೆ ಕೊಡ್ತಾರೆ. ಮಣಿಚೌಕಟ್ಟು (ಅಬಾಕಸ್), ಬಿಡಿ ಹತ್ತು ನೂರರ ಬ್ಲಾಕುಗಳು, ಭಿನ್ನರಾಶಿ ತುಂಡುಗಳು, ಆಟದ ನೋಟು ನಾಣ್ಯ, ಗಡಿಯಾರ ಹೀಗೆ. 52ರಲ್ಲಿ 27 ಕಳೆಯೋವಾಗ "ಹತ್ತರ ಮನೆಯಿಂದ ಒಂದು ತಗೋ" ಅಂತ ನಾವೆಲ್ಲ ಬಾಯಿಪಾಠ ಮಾಡಿದ್ವಿ, ಯಾಕೆ ತಗೋಬೇಕು, ತಗೊಂಡ್ರೆ ಅದು ಹತ್ತು ಹೇಗಾಗತ್ತೆ ಅಂತ ಯಾರೂ ತೋರಿಸ್ಲಿಲ್ಲ. ಇದರಲ್ಲಿ ಮಗು ಹತ್ತರ ಕಡ್ಡಿ ಒಂದನ್ನ ತೆಗೆದಿಟ್ಟು ಹತ್ತು ಬಿಡಿ ತಗೊಳ್ಳತ್ತೆ, ಅಲ್ಲೇ ಗೊತ್ತಾಗತ್ತೆ. ಐಡಿಯಾ ಚೆನ್ನಾಗಿದೆ. ಆದ್ರೆ ನಿಜ ಹೇಳ್ಬೇಕು ಅಂದ್ರೆ ನಾನು ನೋಡಿರೋ ಒಂದೆರಡು ಶಾಲೇಲಿ ಕಿಟ್ ಬೀರು ಒಳಗೆ ಭದ್ರವಾಗಿತ್ತು. ಪೀಸು ಕಳೆದ್ರೆ ಯಾರು ಜವಾಬ್ದಾರಿ ಅಂತ ಮೇಷ್ಟ್ರಿಗೆ ಭಯ. ಅವರನ್ನ ಬಯ್ಯೋಕೂ ಆಗಲ್ಲ, ಇಬ್ಬರು ಟೀಚರು ಐದು ಕ್ಲಾಸು, ಅದರಲ್ಲಿ ಒಬ್ಬರು ಅತಿಥಿ ಶಿಕ್ಷಕರು, ಮೊಟ್ಟೆ ಲೆಕ್ಕ, ಹಾಲಿನ ಪುಡಿ ಲೆಕ್ಕ, ಆನ್‌ಲೈನ್ ಎಂಟ್ರಿ. 2025ರ ಜಾತಿ ಸಮೀಕ್ಷೆಗೆ ಮನೆಮನೆ ಹೋಗಿದ್ದು ಯಾರು, ಅವರೇ ತಾನೇ, ದಸರಾ ರಜೆ ಅಕ್ಟೋಬರ್ 18ರ ತನಕ ಎಳೆದಿದ್ದು ಅದಕ್ಕೇ. ಭಾಗಾಕಾರ ಯಾವಾಗ ಹೇಳ್ಕೊಡ್ಲಿ?

ಹಾಗಾಗಿ ನನ್ನ ಲೆಕ್ಕದಲ್ಲಿ ಕಿಟ್ಟಿಗಿಂತ ದೊಡ್ಡ ಕೆಲಸ ಗ್ರಾಮ ಪಂಚಾಯ್ತಿ ಮಟ್ಟದ ಗಣಿತ ಸ್ಪರ್ಧೆ. ನೋಡದೇ ಇದ್ದೋರಿಗೆ ಹೇಳ್ತೀನಿ. ಒಂದು ಪಂಚಾಯ್ತಿ ವ್ಯಾಪ್ತಿಯ ಸರ್ಕಾರಿ ಶಾಲೆಗಳ ನಾಲ್ಕು, ಐದು, ಆರನೇ ಕ್ಲಾಸಿನ ಮಕ್ಕಳೆಲ್ಲ ಒಂದು ಶಾಲೆಗೆ ಬಂದು ಪೇಪರ್ ಬರೀತಾರೆ. ಖರ್ಚು ಸಂಸ್ಥೇದಲ್ಲ, ಊರಿಂದು. ಪಂಚಾಯ್ತಿ ಸ್ವಲ್ಪ, ಮೆಂಬರುಗಳು ಸ್ವಲ್ಪ, ಒಬ್ಬರು ಊಟಕ್ಕೆ, ಒಬ್ಬರು ಶಾಮಿಯಾನಕ್ಕೆ, ಯಾರೋ ಬಹುಮಾನಕ್ಕೆ. ಅಪ್ಪ ಅಮ್ಮಂದಿರು ಹೊರಗೆ ಮರದ ಕೆಳಗೆ ಕೂತಿರ್ತಾರೆ, ಅಲ್ಲೇ ಪೇಪರ್ ತಿದ್ದಿ ಸಾಯಂಕಾಲದೊಳಗೆ ಬಹುಮಾನ ಕೊಟ್ಟೂ ಆಗತ್ತೆ.

ನಮ್ಮ ಪಂಚಾಯ್ತೀಲಿ ಆದಾಗ ನಾನು ಪೇಪರ್ ತಿದ್ದೋಕೆ ಕೂತಿದ್ದೆ. ಕ್ರಿಕೆಟ್ ಟೂರ್ನಮೆಂಟಿಗೆ ಕಪ್ ಕೊಡೋ ಮೆಂಬರ್ರು, ಗಣೇಶನಿಗೆ ಆರ್ಕೆಸ್ಟ್ರಾ ಕರೆಸೋರು, ಅವತ್ತು ಐದನೇ ಕ್ಲಾಸಿನ ಪ್ರಶ್ನೆಪತ್ರಿಕೆ ಕೈಲಿ ಹಿಡ್ಕೊಂಡು ತಾವೇ ಲೆಕ್ಕ ಮಾಡ್ತಾ ಕೂತಿದ್ರು (ಒಬ್ಬರಿಗೆ ಕಾಲು ಗಂಟೆ ಮುಕ್ಕಾಲು ಗಂಟೆ ಕೂಡೋ ಲೆಕ್ಕದಲ್ಲಿ ಒಳ್ಳೆ ಜಗಳ ಆಯ್ತು). ಒಬ್ಬ ತಂದೆ, ಹೂವಿನ ವ್ಯಾಪಾರದವರು, ಮಗನ ಪೇಪರ್ ನೋಡಿ ನನ್ನ ಕೇಳಿದ್ರು, "ಸಾರ್, ಇವ್ನು ಎಲ್ಲಾ ವರ್ಷ ಪಾಸಾಗ್ಕೊಂಡೇ ಬಂದವ್ನೆ, ಮೂರಂಕಿ ಭಾಗಿಸೋಕೆ ಬರಲ್ವಾ?" ಆ ಮಾತು ಅವರ ಬಾಯಿಂದ ಬರೋಕೆ ಐದು ವರ್ಷ ಬೇಕಾಯ್ತು ನೋಡಿ. ಪ್ರೋಗ್ರೆಸ್ ಕಾರ್ಡಲ್ಲಿ ಬಿ ಪ್ಲಸ್ಸೋ ಏನೋ ಇರತ್ತೆ, ಅದರಿಂದ ಅವರಿಗೆ ಏನು ಗೊತ್ತಾಗ್ಬೇಕು. ಅವನೊಬ್ಬನದೇ ಕಥೆ ಅಲ್ಲ ಇದು, ಹಳ್ಳಿ ಮಕ್ಕಳಿಗೆ ಓದು, ಲೆಕ್ಕ ಎಷ್ಟು ಬರತ್ತೆ ಅಂತ ನೋಡೋ ಅಸರ್ ಸಮೀಕ್ಷೆಯ 2024ರ ವರದಿ ಪ್ರಕಾರ ಇಡೀ ದೇಶದ ಹಳ್ಳಿಗಳಲ್ಲಿ ಐದನೇ ಕ್ಲಾಸಿನ ಮಕ್ಕಳಲ್ಲಿ ಮೂರಂಕಿನ ಒಂದಂಕಿಯಿಂದ ಭಾಗಿಸೋಕೆ ಬರೋರು ನೂರಕ್ಕೆ 30.7.

ಈ ಸ್ಪರ್ಧೆಗೆ ತಕರಾರು ಇಲ್ಲ ಅಂತಲ್ಲ. ನನ್ನ ಫ್ರೆಂಡ್ ಒಬ್ಬರು ಟೀಚರು, ಅವರು ಹೇಳೋದು, ಸ್ಪರ್ಧೆ ಅಂದ್ರೆ ಕ್ಲಾಸಿಗೆ ಮೂರು ಮಕ್ಕಳಿಗೆ ಚಪ್ಪಾಳೆ, ಉಳಿದೋರು ತಲೆ ಬಗ್ಗಿಸ್ಕೊಂಡು ಮನೆಗೆ. ಈ ಮಾತನ್ನ ನಾನು ಅರ್ಧ ಒಪ್ತೀನಿ. ಗೆಲ್ಲೋರು ಯಾರು ಅಂತ ಟೀಚರಿಗೆ ಮೊದಲೇ ಗೊತ್ತಿರತ್ತೆ, ಅದಕ್ಕೋಸ್ಕರ ಇಷ್ಟೆಲ್ಲಾ ಮಾಡ್ಬೇಕಾಗಿಲ್ಲ. ಬಹುಮಾನ ಊರಿನವರನ್ನ ಕರೆಯೋಕೆ ಒಂದು ನೆಪ ಅಂತ ಇಟ್ಕೊಳ್ಳಿ. ಅಸಲಿ ಮಾಲು ಇರೋದು ಯಾವ ಪ್ರಶ್ನೆ ಎಷ್ಟು ಮಕ್ಕಳು ಸರಿ ಮಾಡಿದ್ರು ಅನ್ನೋ ಲೆಕ್ಕದಲ್ಲಿ. ಕೂಡೋದು ಬರತ್ತೆ, ಕಳೆಯೋದು ತಕ್ಕಮಟ್ಟಿಗೆ, ಭಾಗಾಕಾರ ಮತ್ತೆ ಭಿನ್ನರಾಶಿ ಬಂದಾಗ ಇಡೀ ಪಂಚಾಯ್ತಿ ಕೂತ್ಬಿಡತ್ತೆ. ಅದನ್ನ ಗ್ರಾಮಸಭೇಲಿ ಓದ್ಬೇಕು. ಮಕ್ಕಳ ಹೆಸರು ಬೇಡ, ಶಾಲೆ ಹೆಸರೂ ಬೇಡ, ಪ್ರಶ್ನೆ ಮಾತ್ರ. ಚರಂಡಿ, ಬೀದಿದೀಪದ ಜೊತೆ ಇದೂ ಒಂದು ವಿಷಯ ಆಗ್ಲಿ. ಟೀಚರ್ ಪೋಸ್ಟು ಖಾಲಿ ಇದೆ ಅಂತ ಇಲಾಖೆಗೆ ಠರಾವು ಕಳಿಸೋಕೆ ಆಗ ಒಂದು ಗಟ್ಟಿ ಕಾರಣಾನೂ ಸಿಗತ್ತೆ.

ಇನ್ನೊಂದು ಮಾತು ಯಾವಾಗ್ಲೂ ಬರತ್ತೆ, ನಮ್ಮ ಹಿರಿಯರು ಶಾಲೆಗೆ ಹೋಗ್ದೇನೇ ಬಾಯಿಲೆಕ್ಕ ಮಾಡ್ತಿರ್ಲಿಲ್ವಾ ಅಂತ. ಮಾಡ್ತಿದ್ರು, ನನಗಿಂತ ಫಾಸ್ಟಾಗಿ ಮಾಡ್ತಿದ್ರು. ಕಾಲು, ಅರೆ, ಮುಕ್ಕಾಲಿನ ಮಗ್ಗಿ ನಾಲಗೆ ಮೇಲಿರ್ತಿತ್ತು. "ನೂರಕ್ಕೆ ಮೂರು ರೂಪಾಯಿ" ಅಂದ್ರೆ ತಿಂಗಳಿಗೆ ಎಷ್ಟು, ವರ್ಷಕ್ಕೆ 36 ಅಂತ ಥಟ್ಟನೆ ಗೊತ್ತಾಗ್ತಿತ್ತು, ಯಾಕಂದ್ರೆ ಸಾಲ ಕೊಡೋನೂ ಅದೇ ಭಾಷೇಲಿ ಮಾತಾಡ್ತಿದ್ದ. ಈಗಿನ ಸಾಲ ಬರೋದು ಪರ್ಸೆಂಟಲ್ಲಿ, ಪ್ರೋಸೆಸಿಂಗ್ ಫೀಯಲ್ಲಿ, ಇನ್ಶೂರೆನ್ಸ್ ಕಡಿತದಲ್ಲಿ. 36ರ ಮುಂದೆ 12 ಅಂದ್ರೆ ಮೂರನೇ ಒಂದು ಭಾಗ ಅಷ್ಟೇ ಅಂತ ಖುಷಿಯಾಗಿ ಸಹಿ ಹಾಕ್ತಾರೆ. ಕೂಲೀನೂ ಹಾಗೇ, ನರೇಗಾದಲ್ಲಿ 2025-26ರಲ್ಲಿ ದಿನಕ್ಕೆ 370 ಅಂತಿದ್ರೂ ಕೈಗೆ ಬರ್ತಿದ್ದದ್ದು ಅಗೆದ ಗುಂಡಿಯ ಅಳತೆ ಮೇಲೆ, ಉದ್ದ ಅಗಲ ಆಳ ಗುಣಿಸೋಕೆ ಬರೋ ಒಬ್ಬರಾದ್ರೂ ಗುಂಪಲ್ಲಿ ಇದ್ರೆ ಇಂಜಿನಿಯರ್ ಹತ್ರ ಮಾತಾಡೋ ಧಾಟಿನೇ ಬೇರೆ ಆಗತ್ತೆ.

ಹಂಗಂತ ಲೆಕ್ಕ ಕಲಿತ್ರೆ ಬಡತನ ಹೋಗ್ಬಿಡತ್ತಾ, ಇಲ್ಲ. ಮಳೆ ಬರ್ದೇ ಇದ್ರೆ ಭಾಗಾಕಾರ ಏನ್ ಮಾಡತ್ತೆ. ಟೊಮ್ಯಾಟೊ ಬಾಕ್ಸಿಗೆ ರೇಟೇ ಬಿದ್ದಾಗ ಯಾವ ಲೆಕ್ಕಾನೂ ಉಳಿಸಲ್ಲ. ನಾನು ಹೇಳ್ತಿರೋದು ಇಷ್ಟೇ, ಬಂದದ್ದರಲ್ಲಿ ಸೋರಿ ಹೋಗೋದನ್ನ ನಿಲ್ಲಿಸೋಕೆ ಡಿಗ್ರಿ ಬೇಡ, ಐದನೇ ಕ್ಲಾಸಿನ ಗಣಿತ ಗಟ್ಟಿಯಾಗಿ ಬಂದ್ರೆ ಮುಕ್ಕಾಲು ಭಾಗ ಆಗತ್ತೆ.

ಅಕ್ಷರ ಫೌಂಡೇಶನ್‌ನವರು ಇದನ್ನ ಓದ್ತಾರೋ ಇಲ್ವೋ, ಒಂದು ಬೇಡಿಕೆ ಇದೆ. ಸ್ಪರ್ಧೆ ದಿನ ಮಕ್ಕಳು ಒಳಗೆ ಬರೀತಿರೋವಾಗ ಹೊರಗೆ ಕೂತಿರೋ ಅಪ್ಪ ಅಮ್ಮಂದಿರಿಗೂ ಒಂದು ಹಾಳೆ ಕೊಡಿ, ಮಾರ್ಕ್ಸ್ ಬೇಡ, ಬಹುಮಾನ ಬೇಡ. ಒಂದು ಸಾಲದ ಪಾಸ್‌ಬುಕ್ ಲೆಕ್ಕ, ಒಂದು ಮಂಡಿ ಚೀಟಿ, ಅಷ್ಟೇ. ಯಾರಿಗೆ ಬರತ್ತೋ ಅವರು ಪಕ್ಕದೋರಿಗೆ ಹೇಳ್ಕೊಡ್ಲಿ. ನಮ್ಮ ಪಂಚಾಯ್ತೀಲಿ ಮುಂದಿನ ಸಲ ಆದಾಗ ಆ ಹಾಳೆ ನಾನೇ ತಯಾರು ಮಾಡ್ತೀನಿ ಅಂತ ಪಿಡಿಒಗೆ ಹೇಳಿದೀನಿ, ಜೆರಾಕ್ಸ್ ಖರ್ಚು ಯಾರು ಕೊಡ್ತಾರೆ ಅಂತ ಕೇಳಿದ್ದಾರೆ. ಬ್ಯಾಗ್ ಹಂಚೋ ದಾನಿಗಳು ಯಾರಾದ್ರೂ ಇದ್ರೆ ಹೇಳಿ, ಫ್ಲೆಕ್ಸಲ್ಲಿ ಫೋಟೋ ಹಾಕ್ಸೋಣ.