ಕಾಣೆಯಾಗಿದೆ: ನಾಲ್ಕಕ್ಷರದ ಒಂದು ಪದ

ಹೆಸರು: 'ಬದಲಿಗೆ'. ಅಕ್ಷರ ನಾಲ್ಕು, ಸ್ವಭಾವ ಸಾಧು. ಕೊನೆಯ ಬಾರಿ ಕಂಡದ್ದು 2018ರಲ್ಲಿ, ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಆಲಿವ್ ಎಣ್ಣೆಯೂ ಸೇರಿದಂತೆ ಒಲೇಯಿಕ್ ಆಮ್ಲ ಎಂಬ ಕೊಬ್ಬಿನಾಮ್ಲ ಹೆಚ್ಚಿರುವ ಎಣ್ಣೆಗಳ ಬಾಟಲಿಯ ಮೇಲೆ ಬರೆದುಕೊಳ್ಳಲು ಕೊಟ್ಟ ಒಪ್ಪಿಗೆಯಲ್ಲಿ. ಸಣ್ಣಕ್ಷರದಿಂದ ದೊಡ್ಡಕ್ಷರಕ್ಕೆ ಬರುವ ದಾರಿಯಲ್ಲಿ ತಪ್ಪಿಸಿಕೊಂಡಿದೆ. ಅದರ ಕುರ್ಚಿಯಲ್ಲಿ ಈಗ 'ಜೊತೆಗೆ' ಎಂಬ ಮೂರಕ್ಷರದ ಆಸಾಮಿ ಕಾಲ ಮೇಲೆ ಕಾಲು ಹಾಕಿ ಕೂತಿದ್ದಾನೆ.

ಆ ಒಪ್ಪಿಗೆಯ ಸಾರ ಇಷ್ಟು: ದಿನಕ್ಕೆ ಸುಮಾರು ಒಂದೂವರೆ ದೊಡ್ಡ ಚಮಚ, ಅಂದರೆ 20 ಗ್ರಾಂ ಇಂಥ ಎಣ್ಣೆ ಹೃದ್ರೋಗದ ಅಪಾಯ ತಗ್ಗಿಸಬಹುದು. ಆದರೆ ಅದನ್ನು ಬೆಣ್ಣೆಯಂಥ, ಸ್ಯಾಚುರೇಟೆಡ್ ಕೊಬ್ಬು ಹೆಚ್ಚಿರುವ ಪದಾರ್ಥದ ಬದಲಿಗೆ ಬಳಸಬೇಕು, ದಿನದ ಒಟ್ಟು ಕ್ಯಾಲೊರಿ ಏರಬಾರದು. ಪುರಾವೆ ಪೂರಕವಾಗಿದೆ, ನಿರ್ಣಾಯಕವಲ್ಲ ಎಂಬ ಷರಾ ಬೇರೆ. ಒಲೇಯಿಕ್ ಆಮ್ಲ ಕನಿಷ್ಠ 70 ಶೇಕಡಾ ಇರುವ ಯಾವ ಖಾದ್ಯ ಎಣ್ಣೆಗೂ ಈ ಮಾತು ಸಲ್ಲುತ್ತದೆ. ಆಲಿವ್‌ಗೆ ಮಾತ್ರ ಪಟ್ಟ ಕಟ್ಟಿಲ್ಲ. ಇಷ್ಟೆಲ್ಲ ಷರತ್ತು ಹೊತ್ತ ವಾಕ್ಯ ಜನರ ಕಿವಿಗೆ ತಲುಪುವಷ್ಟರಲ್ಲಿ ಉಳಿದದ್ದು ಒಂದೇ: ಕುಡಿ.

ಕುಡಿಯುತ್ತಾರೆ. ಬೆಳಿಗ್ಗೆ ಖಾಲಿ ಹೊಟ್ಟೆಗೆ, ತೀರ್ಥದ ಭಕ್ತಿಯಲ್ಲಿ, ಎರಡು ದೊಡ್ಡ ಚಮಚ. ಒಂದು ಚಮಚಕ್ಕೆ 13.5 ಗ್ರಾಂ ಹಿಡಿದರೆ ಸುಮಾರು 120 ಕ್ಯಾಲೊರಿ, ಎರಡಕ್ಕೆ 240. ಅರ್ಧ ಗಂಟೆ ಬಿಟ್ಟು ತಿಂಡಿ, ಅದಕ್ಕೆ ಎಂದಿನಷ್ಟೇ ಬೆಣ್ಣೆ. ಆರು ತಿಂಗಳ ಮೇಲೆ ಸೊಂಟದ ಸುತ್ತಳತೆ ಹೆಚ್ಚಿದೆ, 'ಕೆಟ್ಟ ಕೊಲೆಸ್ಟರಾಲ್' ಎನ್ನುವ ಎಲ್‌ಡಿಎಲ್ ಅಲ್ಲೇ ಇದೆ. ಎಣ್ಣೆಯೇ ಕಲಬೆರಕೆ ಎಂದು ತೀರ್ಪು!

ಎಲ್‌ಡಿಎಲ್ ಇಳಿಯುವ ಬಗೆಯನ್ನು ಒಮ್ಮೆ ನೋಡಿದರೆ ಈ ತೀರ್ಪು ನಿಲ್ಲುವುದಿಲ್ಲ. ರಕ್ತದಲ್ಲಿ ಓಡಾಡುವ ಎಲ್‌ಡಿಎಲ್ ಕಣಗಳನ್ನು ಹಿಡಿದು ಒಳಗೆಳೆದುಕೊಳ್ಳುವುದು ಯಕೃತ್ತಿನ ಜೀವಕೋಶಗಳ ಮೇಲಿನ ಗ್ರಾಹಕಗಳು. ಸ್ಯಾಚುರೇಟೆಡ್ ಕೊಬ್ಬು ಹೆಚ್ಚಾದರೆ ಅವು ಮಂಕಾಗುತ್ತವೆ. ಅದು ಕಡಿಮೆಯಾದಾಗ ಮತ್ತೆ ಚುರುಕಾಗುತ್ತವೆ. ಅಂದರೆ ಕೆಲಸದ ದೊಡ್ಡ ಪಾಲು ಬಂದ ಅತಿಥಿಯದಲ್ಲ, ಎದ್ದು ಹೋದ ಬೆಣ್ಣೆಯದು. ಬೆಣ್ಣೆ ಏಳಲೇ ಇಲ್ಲವಲ್ಲ! ಸಾಲದ್ದಕ್ಕೆ ಆಲಿವ್ ಎಣ್ಣೆಯಲ್ಲೂ ಸುಮಾರು 14 ಶೇಕಡಾ ಸ್ಯಾಚುರೇಟೆಡ್ ಕೊಬ್ಬಿದೆ. ಪಾಪ, ಅದನ್ನು ಯಾರೂ ಎಣಿಸುವುದಿಲ್ಲ.

ರಕ್ತದ ಸಕ್ಕರೆಯ ಕಡೆಗೂ ಇದೇ ಕಥೆ. ಬ್ರೆಡ್ಡಿನೊಂದಿಗೆ ಎಣ್ಣೆ ಸೇರಿದರೆ ಹೊಟ್ಟೆ ನಿಧಾನವಾಗಿ ಖಾಲಿಯಾಗಿ ಗ್ಲೂಕೋಸ್ ಮೆಲ್ಲಗೆ ಏರುತ್ತದೆ, ನಿಜ. ಅದನ್ನು ಕೇಳಿದವರು ಎಣ್ಣೆ ಅದ್ದಿಕೊಳ್ಳಲೆಂದೇ ಇನ್ನೆರಡು ತುಂಡು ಬ್ರೆಡ್ ತೆಗೆದುಕೊಳ್ಳುತ್ತಾರೆ.

ವಾದಕ್ಕೆ ನಿಂತರೆ ಸ್ಪೇನಿನ ಪ್ರೆಡಿಮೆಡ್ ಅಧ್ಯಯನವನ್ನು ಎಳೆದು ತರುತ್ತಾರೆ. ತರಲಿ, ಪೂರ್ತಿ ತರಲಿ. ಹೃದ್ರೋಗದ ಅಪಾಯ ಹೆಚ್ಚಿದ್ದ 7,447 ಜನ, ಮೂರು ಗುಂಪು. ಒಂದಕ್ಕೆ ಮೆಡಿಟರೇನಿಯನ್ ಊಟ ಮತ್ತು ಮನೆಗೆ ವಾರಕ್ಕೊಂದು ಲೀಟರ್ ಎಕ್ಸ್‌ಟ್ರಾ ವರ್ಜಿನ್, ಅಂದರೆ ಶುದ್ಧೀಕರಿಸದೆ ಹಾಗೇ ಹಿಂಡಿ ತೆಗೆದ ಆಲಿವ್ ಎಣ್ಣೆ. ಇನ್ನೊಂದಕ್ಕೆ ಅದೇ ಊಟ ಮತ್ತು ದಿನಕ್ಕೆ 30 ಗ್ರಾಂ ಅಕ್ರೋಟು, ಬಾದಾಮಿ, ಹೇಜಲ್‌ನಟ್. ಮೂರನೆಯದಕ್ಕೆ ಕೊಬ್ಬು ಕಡಿಮೆ ಮಾಡಿ ಎಂಬ ಸಲಹೆ. ಐದು ವರ್ಷಕ್ಕೆ ಸ್ವಲ್ಪ ಕಡಿಮೆ ಅವಧಿಯಲ್ಲಿ ಹೃದಯಾಘಾತ, ಪಾರ್ಶ್ವವಾಯು ಅಥವಾ ಹೃದಯ, ರಕ್ತನಾಳಗಳ ಕಾಯಿಲೆಯಿಂದ ಸಾವು ಕಂಡವರು ಎಣ್ಣೆ ಗುಂಪಿನಲ್ಲಿ 3.8 ಶೇಕಡಾ, ಬೀಜದ ಗುಂಪಿನಲ್ಲಿ 3.4, ಸಲಹೆಯ ಗುಂಪಿನಲ್ಲಿ 4.4. ಗುಂಪು ಹಂಚಿದ್ದರಲ್ಲಿ ಲೋಪ ಕಂಡು 2013ರ ವರದಿಯನ್ನು 2018ರಲ್ಲಿ ಹಿಂತೆಗೆದು, ಲೆಕ್ಕ ಮತ್ತೆ ಮಾಡಿ ಪ್ರಕಟಿಸಿದರು. ಅಂಕಿ ಹೆಚ್ಚು ಬದಲಾಗಲಿಲ್ಲ. ಆ ಎಣ್ಣೆ ಹೋದದ್ದು ತರಕಾರಿ, ಕಾಳು, ಮೀನಿನ ಊಟದೊಳಕ್ಕೆ, ಲೋಟದೊಳಕ್ಕಲ್ಲ. ಬೀಜಗಳೂ ಅಷ್ಟೇ ಕೆಲಸ ಮಾಡಿದವು ಎಂಬುದನ್ನು ಯಾರೂ ಸಾರುವುದಿಲ್ಲ. ಅಕ್ರೋಟಿಗೆ ಬಾಟಲಿ ಇಲ್ಲ ನೋಡಿ.

ಬಾಟಲಿಯ ಮೇಲಿನ ಸಾಹಿತ್ಯ ಇನ್ನೂ ರಸವತ್ತು. 'ಕೊಲೆಸ್ಟರಾಲ್ ಇಲ್ಲ': ಯಾವ ಗಿಡದ ಎಣ್ಣೆಯಲ್ಲೂ ಲೆಕ್ಕಕ್ಕೆ ಸಿಗುವಷ್ಟು ಕೊಲೆಸ್ಟರಾಲ್ ಇರುವುದಿಲ್ಲ, ಮೀನಿಗೆ ಕೊಂಬಿಲ್ಲ ಎಂದು ಪ್ರಮಾಣಪತ್ರ ಕೊಟ್ಟ ಹಾಗೆ. 'ಲೈಟ್': ಹಗುರವಾದದ್ದು ಬಣ್ಣ ಮತ್ತು ರುಚಿ, ಕ್ಯಾಲೊರಿ ಒಂದೂ ಕಡಿಮೆಯಿಲ್ಲ. ಶುದ್ಧೀಕರಿಸುವಾಗ ಪಾಲಿಫಿನಾಲ್ ಎಂಬ ಸಸ್ಯಜನ್ಯ ಅಂಶಗಳ ಬಹುಭಾಗ ಹೋಗಿರುತ್ತದೆ. ಎಣ್ಣೆಯ ಪಾಲಿಫಿನಾಲ್ ರಕ್ತದ ಕೊಬ್ಬನ್ನು ಆಕ್ಸಿಡೀಕರಣದಿಂದ ಕಾಯುತ್ತದೆ ಎಂದು ಬರೆದುಕೊಳ್ಳಲು ಐರೋಪ್ಯ ಒಕ್ಕೂಟ ಕೇಳುವುದು 20 ಗ್ರಾಂ ಎಣ್ಣೆಯಲ್ಲಿ ಕನಿಷ್ಠ 5 ಮಿಲಿಗ್ರಾಂ ಹೈಡ್ರಾಕ್ಸಿಟೈರೋಸಾಲ್ ಎಂಬ ಪಾಲಿಫಿನಾಲ್ ಮತ್ತು ಅದರ ಬಳಗ.

ಒಳ್ಳೆಯ ತಾಜಾ ಎಕ್ಸ್‌ಟ್ರಾ ವರ್ಜಿನ್ ಗಂಟಲಲ್ಲಿ ಖಾರವಾಗಿ ಚುರುಗುಟ್ಟುತ್ತದೆ. ಅದು ಒಲಿಯೊಕ್ಯಾಂಥಲ್ ಎಂಬ ಪಾಲಿಫಿನಾಲ್‌ನ ಕೈವಾಡ. ಗ್ರಾಹಕ ಮಹಾಶಯರು ಕೆಮ್ಮಿ, 'ಕೆಟ್ಟಿದೆ' ಎಂದು ಅದನ್ನು ವಾಪಸು ಕೊಡುತ್ತಾರೆ. ಮಕ್ಕಳು ಚಿತ್ರ ಬರೆಯುವ ಕ್ರೇಯಾನ್ ಕಡ್ಡಿಯ ವಾಸನೆ ಹೊಡೆಯುವ, ನಿಜಕ್ಕೂ ಕಮಟಿದ ಎಣ್ಣೆಗೆ 'ಎಷ್ಟು ಮೃದು!' ಎಂಬ ಮೆಚ್ಚುಗೆ. ಆಮೇಲೆ ಅದನ್ನು ಪಾರದರ್ಶಕ ಗಾಜಿನ ಬಾಟಲಿಗೆ ಸುರಿದು, ಬಿಸಿಲು ಬೀಳುವ ಕಿಟಕಿಯ ಕೆಳಗೆ, ಒಲೆಯ ಪಕ್ಕ ನಿಲ್ಲಿಸುತ್ತಾರೆ. ಬೆಳಕು, ಬಿಸಿ, ಗಾಳಿ, ಎಣ್ಣೆಯ ಮೂರೂ ವೈರಿಗಳಿಗೆ ಒಂದೇ ಜಾಗದಲ್ಲಿ ಆತಿಥ್ಯ. ಬಿಸಿ ಮಾಡಿದರೆ ಮಾತ್ರ ಅದು ವಿಷ ಎಂಬ ಭಯ! ಒಳ್ಳೆಯ ಎಣ್ಣೆ ಹೊಗೆಯಾಡಲು ಸುಮಾರು 190 ಡಿಗ್ರಿ ಸೆಲ್ಸಿಯಸ್ ದಾಟಬೇಕು. ಮನೆಯ ಸಾಧಾರಣ ಅಡುಗೆಗೆ ಧಾರಾಳ ಸಾಕು.

ಇಷ್ಟು ಹುಡುಕಿದ ಮೇಲೆ, ಕಾಣೆಯಾದ ಪದದ ಸುಳಿವು ಕೊನೆಗೂ ಸಿಕ್ಕಿದೆ. 'ಆಲಿವ್ ಎಣ್ಣೆಯುಳ್ಳ' ಎಂದು ಎದೆಯ ಮೇಲೆ ಹಸಿರು ಕೊಂಬೆ ಬರೆಸಿಕೊಂಡ ಬಿಸ್ಕತ್ತಿನ ಪೊಟ್ಟಣವನ್ನು ತಿರುಗಿಸಿ ಪದಾರ್ಥಗಳ ಪಟ್ಟಿ ಓದಿ. ತೂಕ ಹೆಚ್ಚಿದ್ದದ್ದು ಮೊದಲು ಬರುವುದು ನಿಯಮ. ಮೈದಾ, ಸಕ್ಕರೆ, ತಾಳೆ ಎಣ್ಣೆ... ಆಲಿವ್ ಬರುವುದು ಉಪ್ಪು ದಾಟಿದ ಮೇಲೆ. ಅಲ್ಲೇ ಇದೆ ನಮ್ಮ 'ಬದಲಿಗೆ', ಹಗಲೂ ರಾತ್ರಿ ದುಡಿಯುತ್ತಿದೆ: ಆಲಿವ್ ಎಣ್ಣೆಯ ಬದಲಿಗೆ ತಾಳೆ ಎಣ್ಣೆ.