ಸ್ಪಷ್ಟನೆ: 65 ವಾಟ್ ಚಾರ್ಜರ್ ಮೊಬೈಲನ್ನು ಸುಡುವುದಿಲ್ಲ

‘ಲ್ಯಾಪ್‌ಟಾಪಿನ 65 ವಾಟ್ ಚಾರ್ಜರ್ ಮೊಬೈಲಿಗೆ ಹಾಕಿದರೆ ಬ್ಯಾಟರಿ ಸುಟ್ಟುಹೋಗುತ್ತದೆ, ಪ್ರವಾಸಕ್ಕೆ ಹೊರಟವರು ಪ್ರತಿ ಸಾಧನಕ್ಕೂ ಬೇರೆ ಚಾರ್ಜರ್ ಒಯ್ಯಿರಿ’ ಎಂಬ ಸಂದೇಶ ನಮ್ಮ ಶಿರಸಿ, ಕಾರವಾರದ ವಾಟ್ಸ್‌ಆ್ಯಪ್ ಬಳಗಗಳಲ್ಲಿ ಹರಿದಾಡುತ್ತಿದೆ. ಇದು ತಪ್ಪು.

ಚಾರ್ಜರ್ ವಿದ್ಯುತ್ತನ್ನು ಮೊಬೈಲಿನೊಳಗೆ ತುರುಕುವುದಿಲ್ಲ. ಯುಎಸ್‌ಬಿ ಪವರ್ ಡೆಲಿವರಿ (ಎಷ್ಟು ವೋಲ್ಟ್ ಬೇಕೆಂದು ಚಾರ್ಜರ್ ಮತ್ತು ಸಾಧನ ಮೊದಲೇ ಒಪ್ಪಿಕೊಳ್ಳುವ ವ್ಯವಸ್ಥೆ) ಇರುವ ಟೈಪ್-ಸಿ ಚಾರ್ಜರ್ ಮೊದಲು ಕೊಡುವುದು 5 ವೋಲ್ಟ್ ಮಾತ್ರ. ಬಳಿಕ ತನ್ನಲ್ಲಿ 9, 15, 20 ವೋಲ್ಟ್ ಕೂಡ ಇದೆ ಎಂದು ತಿಳಿಸುತ್ತದೆ. ಸಾಧನ ತನಗೆ ಬೇಕಾದದ್ದನ್ನು ಕೇಳಿ ಪಡೆಯುತ್ತದೆ. ಕೇಳದಿದ್ದರೆ 5 ವೋಲ್ಟ್‌ನಲ್ಲೇ ನಿಲ್ಲುತ್ತದೆ. 65 ಎಂಬುದು ಗರಿಷ್ಠ ಮಿತಿ, ಅಷ್ಟೆ. ಗೋಕರ್ಣದಲ್ಲಿ ಒಂದೇ ಸಾಕೆಟ್ ಇದ್ದ ಕೋಣೆಯಲ್ಲಿ ಲ್ಯಾಪ್‌ಟಾಪ್, ಮೊಬೈಲ್, ಇಯರ್‌ಫೋನ್ ಮೂರಕ್ಕೂ ನನಗೆ ಒಂದೇ ಚಾರ್ಜರ್ ಸಾಕಾಯಿತು.

ಕೊಳ್ಳುವಾಗ ಚಾರ್ಜರಿನ ಮೇಲಿನ ಸಣ್ಣ ಅಕ್ಷರಗಳನ್ನು ದಯವಿಟ್ಟು ಓದಿ. ‘20 ವೋಲ್ಟ್, 3.25 ಆಂಪಿಯರ್’ ಎಂದಿದ್ದರೆ ಎರಡನ್ನೂ ಗುಣಿಸಿ, ಅದೇ 65 ವಾಟ್. ಎರಡು ಸಾಧನ ಜೋಡಿಸಿದರೆ ಈ ಶಕ್ತಿ ಹಂಚಿಹೋಗುತ್ತದೆ. ದುಂಡು ಪಿನ್ನಿನ ಹಳೆಯ ಲ್ಯಾಪ್‌ಟಾಪಿಗೆ ಇದು ನೇರವಾಗಿ ಹೊಂದುವುದಿಲ್ಲ. ಕೆಲವು ಮೊಬೈಲುಗಳು ತಮ್ಮದೇ ಚಾರ್ಜರಿನಲ್ಲಷ್ಟೇ ಅತಿ ವೇಗವಾಗಿ ತುಂಬುತ್ತವೆ, ಬೇರೆಯದರಲ್ಲಿ ನಿಧಾನ, ಹಾನಿಯೇನಿಲ್ಲ.

ನಿಜವಾಗಿ ಹೆದರಬೇಕಾದದ್ದು ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ಗುರುತಿಲ್ಲದ ಅಗ್ಗದ ಚಾರ್ಜರಿಗೆ, ಹಾಳಾದ ಕೇಬಲ್ಲಿಗೆ. ನಮ್ಮ ಕರಾವಳಿಯ ಉಪ್ಪುಗಾಳಿಗೆ ಪಿನ್ನುಗಳು ಬೇಗ ಕಿಲುಬು ಹಿಡಿಯುತ್ತವೆ. ಕಳೆದ ಮಳೆಗಾಲ ನನ್ನ ಕೇಬಲ್ಲಿನ ತುದಿಯಲ್ಲಿ ಹಸಿರು ಪುಡಿ ಕಂಡಿತು, ಮುಟ್ಟಿದರೆ ಬಿಸಿ. ಅದನ್ನು ಅಂದೇ ಎಸೆದೆ, ಚಾರ್ಜರ್ ಈಗಲೂ ಅದೇ.