ತುಟಿ ಕಚ್ಚಿ ಸಹಿಸಿದ್ದರ ಫಲ

ನನ್ನ ಕೆಳತುಟಿಯ ಒಳಮಗ್ಗುಲಲ್ಲಿ ಗುಳ್ಳೆಯೊಂದು ಎದ್ದಿರುವುದನ್ನು ಮೊದಲು ಪತ್ತೆ ಹಚ್ಚಿದ್ದು ನಾಲಿಗೆ. ಕನ್ನಡಿಯ ಮುಂದೆ ತುಟಿ ಮಡಚಿ ನೋಡಿದಾಗ ಸಾಸಿವೆಯಷ್ಟೇ ಇದ್ದದ್ದು ನಾಲಿಗೆಯ ವರದಿಯಲ್ಲಿ ನಿಂಬೆಹಣ್ಣಿನಷ್ಟಾಗಿತ್ತು. ನಾಲಿಗೆಯನ್ನು ಪೂರ್ತಿ ದೂರುವಂತೆಯೂ ಇಲ್ಲ. ಸ್ಪರ್ಶವನ್ನು ಗ್ರಹಿಸುವ ಮೆದುಳಿನ ಭಾಗದಲ್ಲಿ ಇಷ್ಟಗಲದ ಬೆನ್ನಿಗಿಂತ ತುಟಿ, ನಾಲಿಗೆಗಳಿಗೇ ಹೆಚ್ಚು ಜಾಗ ಮೀಸಲಾಗಿದೆ.

ನೋವಿರಲಿಲ್ಲ. ಇದ್ದಿದ್ದರೆ ಮನೆಯವರ ಅನುಕಂಪವಾದರೂ ಗಿಟ್ಟುತ್ತಿತ್ತು. ಸ್ನೇಹಿತರೊಬ್ಬರು ವಿಟಮಿನ್ ಕೊರತೆ ಎಂದರು, ಇನ್ನೊಬ್ಬರು ನಿದ್ದೆಗೇಡು ಎಂದರು. ವೈರಸ್ಸಿನಿಂದ ಏಳುವ ಬೊಕ್ಕೆ ಇರಬಹುದೇ ಎಂದು ನಾನೇ ಅನುಮಾನಿಸಿದೆನಾದರೂ, ಅಂಥದ್ದು ಮೊದಲು ಚುರುಗುಟ್ಟಿ, ಆಮೇಲೆ ಒಡೆದು ಹಕ್ಕಳೆಗಟ್ಟಿ, ಸಾಮಾನ್ಯವಾಗಿ ಹತ್ತು ದಿನಗಳೊಳಗೆ ಮರ್ಯಾದೆಯಿಂದ ಹೊರಟುಹೋಗುತ್ತದೆ. ನನ್ನದಕ್ಕೆ ಆ ಸೌಜನ್ಯವಿರಲಿಲ್ಲ. ಒಂದು ದಿನ ಊಟದ ನಡುವೆ ತಾನಾಗಿ ಒಡೆದು, ಅಂಟಂಟಾದ ತಿಳಿದ್ರವ ಹರಿದಾಗ ಪೀಡೆ ತೊಲಗಿತೆಂದು ಸಂಭ್ರಮಿಸಿದೆ. ಐದೇ ದಿನಗಳಲ್ಲಿ ಅದು ಹಳೆಯ ವಿಳಾಸಕ್ಕೇ ಮರಳಿತ್ತು.

ಮೂರು ವಾರ ಕಳೆದರೂ ಹೋಗದ ತುಟಿಯ ಗಂಟನ್ನು ವೈದ್ಯರಿಗೆ ತೋರಿಸಲೇಬೇಕು ಎಂಬುದು ನನಗೆ ಗೊತ್ತಿತ್ತು. ಗೊತ್ತಿದ್ದೂ ಇನ್ನೆರಡು ವಾರ ಕಳೆದೆ. ಕೊನೆಗೆ ದಂತವೈದ್ಯೆಯೊಬ್ಬರ ಮುಂದೆ ಬಾಯಿ ತೆರೆದಾಗ, ಅವರು ಅರ್ಧ ನಿಮಿಷವೂ ನೋಡದೆ "ಮ್ಯೂಕೋಸೀಲ್ ಇದ್ದ ಹಾಗಿದೆ" ಎಂದರು. ಬಾಯಿಯೊಳಗೆ 600ರಿಂದ 1000ದಷ್ಟು ಪುಟ್ಟ ಜೊಲ್ಲುಗ್ರಂಥಿಗಳಿವೆ. ಹಲ್ಲು ತಾಗಿ ಒಂದರ ನಾಳ ಹರಿದರೆ ಜೊಲ್ಲು ಹೊರಬರಲು ದಾರಿಯಿಲ್ಲದೆ ಒಳಗೇ ಸೋರಿ ಗುಳ್ಳೆಯಾಗುತ್ತದೆ. ಇಷ್ಟು ದಿನ ನಾನು ಅಂಜಿ ನಡುಗಿದ್ದು ನನ್ನದೇ ಜೊಲ್ಲಿಗೆ.

"ತುಟಿ ಕಚ್ಚುವ ಅಭ್ಯಾಸವಿದೆಯೇ?" ಎಂದು ಅವರು ಕೇಳಿದರು. ಮೇಲಧಿಕಾರಿಯ ಮಾತನ್ನು, ನೆಂಟರ ಉಪದೇಶವನ್ನು, ಮುಗಿಯದ ಸಭೆಗಳನ್ನು ತುಟಿ ಕಚ್ಚಿ ಸಹಿಸಿಕೊಳ್ಳಬೇಕೆಂದು ಹಿರಿಯರು ಹೇಳಿದ್ದನ್ನು ನಾನು ವರ್ಷಗಟ್ಟಲೆ ಅಕ್ಷರಶಃ ಪಾಲಿಸಿಕೊಂಡು ಬಂದಿದ್ದೆ. ಸಹನೆಗೂ ಇಂಥ ಅಡ್ಡಪರಿಣಾಮವಿದೆಯೆಂದು ಅವರಾರೂ ಎಚ್ಚರಿಸಿರಲಿಲ್ಲ.

ಗ್ರಂಥಿಯನ್ನು ಉಳಿಸಿ ಗುಳ್ಳೆಯನ್ನಷ್ಟೇ ಒಡೆದರೆ ಅದು ಮತ್ತೆ ತುಂಬಿಕೊಳ್ಳುವುದೇ ಹೆಚ್ಚಾದ್ದರಿಂದ, ಮರಗಟ್ಟುವ ಚುಚ್ಚುಮದ್ದು ಕೊಟ್ಟು ಎರಡನ್ನೂ ಒಟ್ಟಿಗೆ ತೆಗೆದರು. ತೆಗೆದದ್ದನ್ನು ಪರೀಕ್ಷೆಗೂ ಕಳುಹಿಸಿದರು. ನಾನು ತುಟಿ ಪಿಟಕ್ಕೆನ್ನದೆ ಕುಳಿತಿದ್ದೆ. ಬೇರೆ ದಾರಿಯೂ ಇರಲಿಲ್ಲ, ತುಟಿ ಅವರ ಕೈಯಲ್ಲಿತ್ತು. ವರದಿ ಅವರ ಊಹೆಯನ್ನೇ ದೃಢಪಡಿಸಿತು.

ಗುಳ್ಳೆಯಿದ್ದ ಜಾಗದಲ್ಲಿ ಈಗ ಎರಡು ಹೊಲಿಗೆಗಳಿವೆ. ಒಂದರ ದಾರದ ತುದಿ ಕೂದಲೆಳೆಯಷ್ಟು ಹೊರಚಾಚಿಕೊಂಡಿದ್ದು, ಬಾಯಿಯಲ್ಲಿ ಹಗ್ಗವೊಂದು ನೇತಾಡುತ್ತಿದೆ ಎಂದು ನಾಲಿಗೆ ಬೆಳಗಿನಿಂದ ವರದಿ ಮಾಡುತ್ತಲೇ ಇದೆ.